ಸೋರದೆ ಸಿಡಿದ ಬಾಯ್ಲರು

ಹುಣಸೂರಿನ ಕೈಗಾರಿಕಾ ಪ್ರದೇಶದ ಕೊನೆಯ ಸಾಲಿನಲ್ಲಿ ಹಸಿರು ಶೀಟು ಹೊದಿಸಿದ ಒಂದು ಶೆಡ್ಡಿದೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ಲೋಹ ಪರೀಕ್ಷಾ ಕೇಂದ್ರ ಎಂದೇನೋ ಬರೆದಿದೆ. ಅಕ್ಕಪಕ್ಕದವರು ಮಾತ್ರ ಅದನ್ನು ಕರೆಯುವುದು ಕಬ್ಬಿಣ ಮುರಿಯೋ ಶೆಡ್ಡು ಎಂದೇ. ಕಂಪಲಾಪುರದ ಆಶಾರಾಣಿ ಡಿಪ್ಲೊಮಾ ಮುಗಿಸಿ ಅಲ್ಲಿ ಕೆಲಸಕ್ಕೆ ಸೇರಿದ ದಿನ, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಒಲೆಗೆ ಸೌದೆ ತುರುಕುತ್ತಿದ್ದ ಅವಳ ಅಪ್ಪ ಪುಟ್ಟಮಲ್ಲಪ್ಪ ಕೈ ಒರೆಸಿಕೊಂಡು ಎದ್ದು ನಿಂತು ಕೇಳಿದ್ದರು: "ಮುರಿಯಾಕೂ ಸಂಬ್ಳ ಕೊಡ್ತಾರೇನವ್ವ?"

"ಕೊಡ್ತಾರೆ ಕಣಪ್ಪ. ಸರಿಯಾಗಿ ಮುರುದ್ರೆ."

ಅವಳು ಸರಿಯಾಗಿಯೇ ಮುರಿಯುತ್ತಿದ್ದಳು. ಸಕ್ಕರೆ ಕಾರ್ಖಾನೆಯ ಟ್ಯಾಂಕು, ಕ್ರೇನಿನ ಕೊಕ್ಕೆ, ಸೇತುವೆಯ ತೊಲೆ, ಅಕ್ಕಿ ಗಿರಣಿಯ ಬಾಯ್ಲರು, ಎಲ್ಲೆಲ್ಲಿಂದಲೋ ಉಕ್ಕಿನ ತುಂಡುಗಳು ಬರುತ್ತಿದ್ದವು. ಅಂಗೈಯಗಲಕ್ಕೆ ಕತ್ತರಿಸಿ, ಒಂದು ಅಂಚಿನಲ್ಲಿ ಕಚ್ಚು ಕೊರೆದು, ಯಂತ್ರದ ದವಡೆಗೆ ಸಿಕ್ಕಿಸಿ, ಎಳೆದು ಬಿಟ್ಟು ಎಳೆದು ಬಿಟ್ಟು ಕಚ್ಚಿನ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟಿಸಬೇಕು. ಆಮೇಲೆ ನಿಧಾನವಾಗಿ ಜಗ್ಗುತ್ತ, ಎಷ್ಟು ಭಾರಕ್ಕೆ ಆ ಬಿರುಕು ಓಡತೊಡಗುತ್ತದೆ ಎಂದು ನೋಡಬೇಕು. ಬಿರುಕೇ ಇಲ್ಲದ ಕಬ್ಬಿಣ ಲೋಕದಲ್ಲಿಲ್ಲ. ಇರುವ ಬಿರುಕನ್ನು ಅದು ಎಲ್ಲಿಯವರೆಗೆ ತಡೆದುಕೊಳ್ಳುತ್ತದೆ ಎಂಬುದಷ್ಟೇ ಪ್ರಶ್ನೆ. ಕೇಂದ್ರದ ಒಡೆಯರಾದ ಮಹದೇವಪ್ರಸಾದ್, ಒಂದು ಕಾಲಕ್ಕೆ ಕಾಲೇಜಿನಲ್ಲಿ ಪಾಠ ಹೇಳುತ್ತ ಬಿರುಕುಗಳ ಮೇಲೆ ಸಂಶೋಧನೆ ಮಾಡಿದವರು, ಮೊದಲ ವಾರವೇ ಅವಳಿಗೆ ಇದನ್ನು ಹೇಳಿಕೊಟ್ಟಿದ್ದರು. ಒಳ್ಳೆಯ ಉಕ್ಕು ಸಾಯುವ ಮುಂಚೆ ಹೇಳಿ ಸಾಯುತ್ತದೆ, ಬಿರುಕು ಗೋಡೆಯನ್ನು ತೂರಿ ಮೊದಲು ಹಬೆ ಸೋರುತ್ತದೆ, ಜನ ಓಡಿಹೋಗಬಹುದು. ಕೆಟ್ಟ ಉಕ್ಕು ಮಾತಿಲ್ಲದೆ ಸಿಡಿಯುತ್ತದೆ ಎಂದಿದ್ದರು. ಆಶಾರಾಣಿಗೆ ಆ ಕೆಲಸ ಹಿಡಿಸಿತು. ಸ್ವಭಾವದಲ್ಲೇ ಮೊನಚು ನಾಲಿಗೆಯವಳು, ಯಾರ ಮಾತಿಗೂ ತಲೆದೂಗುವವಳಲ್ಲ. ಯಂತ್ರ ಪರದೆಯ ಮೇಲೆ ಬರೆಯುವ ಭಾರದ ಗೆರೆ ಮಾತ್ರ ಅವಳ ಬಾಯಿ ಮುಚ್ಚಿಸುತ್ತಿತ್ತು.

ಮದುವೆಯಾದದ್ದು ಸಾಲಿಗ್ರಾಮದ ಪ್ರಭುಸ್ವಾಮಿಯನ್ನು. ಅವನು ಕೆ.ಆರ್. ನಗರದ ರಸ್ತೆಯ ಒಂದು ದೊಡ್ಡ ಅಕ್ಕಿ ಗಿರಣಿಯಲ್ಲಿ ವೆಲ್ಡರ್. ಕಬ್ಬಿನ ಟ್ರೈಲರ್ ಮುರಿದುಕೊಂಡವರು ಮಿರ್ಲೆಯಿಂದಲೂ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಕೈ ಅಷ್ಟು ನಯ. ಹೆಂಡತಿ ತನಗಿಂತ ಹೆಚ್ಚು ಓದಿದವಳು ಎಂಬುದನ್ನು ಅವನು ಊರವರ ಮುಂದೆ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದ. ಮನೆಯೊಳಗೆ ಅದು ಸ್ವಲ್ಪ ಚುಚ್ಚುತ್ತಿತ್ತು. ಅತ್ತೆ ಶಿವನಂಜಮ್ಮನಿಗೆ ಇದ್ದ ಒಬ್ಬನೇ ಮಗ. ಸೊಸೆ ಬೆಳಿಗ್ಗೆ ಎರಡು ಬಸ್ಸು ಹಿಡಿದು ಹುಣಸೂರಿಗೆ ಹೋಗುವುದು ಆಕೆಗೆ ಸರಿಬರದಿದ್ದರೂ ಬಾಯಿಬಿಟ್ಟು ಬೇಡ ಅಂದವಳಲ್ಲ.

ಭತ್ತವನ್ನು ಹಬೆಯಲ್ಲಿ ಬೇಯಿಸಿ ಮಾಡುವ ಕುಸುಬಲಕ್ಕಿಗೆ ಕೇರಳದ ಲಾರಿಗಳು ಸಾಲುಗಟ್ಟಿ ನಿಲ್ಲುವ ಸುಗ್ಗಿಯಲ್ಲಿ, ಒಂದು ಸಂಜೆ ಮುದ್ದೆ ಮುರಿಯುತ್ತ ಪ್ರಭುಸ್ವಾಮಿ ಹೇಳಿದ: "ಬಾಯ್ಲರಿನ ಹಬೆ ಡ್ರಮ್ಮಲ್ಲಿ ಒಂದು ಕೂದ್ಲೆಳೆ ಬಿರುಕು ಬಂದಿತ್ತು ಕಣೆ. ಮುಚ್ಬುಟ್ಟೆ. ಈಗ ನೋಡುದ್ರೆ ಎಲ್ಲಿತ್ತು ಅನ್ನಾದೇ ಗೊತ್ತಾಗಲ್ಲ, ಅಂಗೆ ಕೂತದೆ."

ಆಶಾರಾಣಿಯ ಕೈ ಸಾರಿನ ಪಾತ್ರೆಯ ಮೇಲೆಯೇ ನಿಂತಿತು. "ಬಿರುಕನ್ನ ಪೂರ್ತಿ ಉಜ್ಜಿ ತೆಗುದ್ರಾ?"

"ಕಂಡಷ್ಟು ತೆಗ್ದೆ."

"ಪ್ಲೇಟು ಕಾಯ್ಸಿ ಹಾಕುದ್ರಾ? ವೆಲ್ಡಿಂಗ್ ರಾಡು ಒಣಗ್ಸಿದ್ರಾ?"

"ಲಾರಿ ನಿಂತವೆ ಅಂತ ಸಾವ್ಕಾರ್ರು ತಲೆ ಮೇಲೆ ಕೂತವ್ರೆ. ಒಲೆ ಹಚ್ಕೊಂಡು ರಾಡು ಬಾಡ್ಸುಕೊಂಡು ಕೂತಿರಕಾಯ್ತದಾ?"

"ತಣ್ಣಗಿರೋ ದಪ್ಪ ಪ್ಲೇಟಿಗೆ ಹಸಿ ರಾಡಲ್ಲಿ ಹಾಕುದ್ರೆ ವೆಲ್ಡಿನ ಪಕ್ಕದಲ್ಲೇ ಕಬ್ಬಿಣ ಗಾಜಾಯ್ತದೆ ಕಣ್ರೀ! ಬಿರುಕು ಮುಚ್ಚಿದ್ದಲ್ಲ ನೀವು, ಮುಂದಕ್ಕೆ ದಾರಿ ಮಾಡ್ಕೊಟ್ಟಿದ್ದು. ಬಾಯ್ಲರ್ ಇಲಾಖೆಯೋರ್ಗೆ ತೋರುಸ್ದೆ ಆ ಡ್ರಮ್ಮಿಗೆ ಕೈ ಹಚ್ಚೋ ಹಂಗೇ ಇಲ್ಲ."

"ನಿನ್ ಶೆಡ್ಡಲ್ಲಿ ಮುರಿಯೋಳು ನೀನು. ಕೂಡ್ಸೋದು ನನಗೆ ಹೇಳ್ಕೊಡ್ಬೇಡ," ಎಂದು ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಮರುದಿನ ಆಶಾರಾಣಿ ಕೇಂದ್ರದಿಂದ ಗಿರಣಿಯ ಒಡೆಯ ವೀರಭದ್ರಸ್ವಾಮಿಗೆ ಫೋನು ಮಾಡಿದಳು. ಯಾರೆಂದು ಹೇಳಿಕೊಂಡು, ಬಾಯ್ಲರ್ ನಿಲ್ಲಿಸಿ, ಆ ವೆಲ್ಡನ್ನು ತಪಾಸಣೆ ಮಾಡಿಸದೆ ಹಬೆ ಏರಿಸಬೇಡಿ, ಜೀವದ ಪ್ರಶ್ನೆ ಎಂದಳು. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿ, "ಆಗ್ಲಿ ತಾಯಿ, ಒಳ್ಳೇದು ಹೇಳುದ್ರಿ, ನೋಡ್ತೀನಿ," ಎಂದು ಇಟ್ಟರು. ಇಷ್ಟು ಸುಲಭವಾಗಿ ಒಪ್ಪಿದರಲ್ಲ ಎಂದು ಅವಳಿಗೆ ಸಮಾಧಾನವಾಯಿತು.

ಆ ರಾತ್ರಿ ಪ್ರಭುಸ್ವಾಮಿ ಮನೆಗೆ ಬಂದಾಗ ಮುಖ ಕಪ್ಪಿಟ್ಟಿತ್ತು. "ಸಾವ್ಕಾರ್ರು ಎಲ್ರ ಮುಂದೆ ನಿಲ್ಸಿ ನಿನ್ ಹೆಂಡ್ತೀನೇ ಕಳುಸ್ಲಾ ನಾಳೆಯಿಂದ ಅಂದ್ರು. ನನ್ ಮಾನ ತೆಗುದ್ಯಲ್ಲೇ," ಎಂದಷ್ಟೇ ಹೇಳಿ ಜಗಲಿಯ ಮೇಲೆ ಮಲಗಿದ. ಅಲ್ಲಿಂದ ಮುಂದೆ ಅವನು ಅವಳೊಡನೆ ಮಾತಾಡಲಿಲ್ಲ. ಅವಳೂ ಸೋಲುವವಳಲ್ಲ. ಅವನು ಹೊತ್ತಿಗೆ ಮುಂಚೆ ಎದ್ದು ಹೋಗುತ್ತಿದ್ದ, ತಡವಾಗಿ ಬರುತ್ತಿದ್ದ. ಯಾಕೆ ಎಂದು ಅವಳು ಕೇಳಲಿಲ್ಲ.

ಹೀಗೆ ಮಾತಿಲ್ಲದೆ ವಾರ ಕಳೆದಿತ್ತು. ಒಂದು ಬೆಳಿಗ್ಗೆ ಅವಳು ಯಂತ್ರಕ್ಕೆ ತುಂಡು ಸಿಕ್ಕಿಸುತ್ತಿದ್ದಾಗ ಸಾಲಿಗ್ರಾಮದಿಂದ ಫೋನು ಬಂತು. ಬಾಯ್ಲರ್ ಸಿಡಿದಿದೆ. ಗೋಡೆ ಹಾರಿ ಪಕ್ಕದ ಗದ್ದೆಯಲ್ಲಿ ಬಿದ್ದಿದೆ. ಬಾಯ್ಲರಿಗೆ ಬೆಂಕಿ ಹಾಕುವ ಮಂಟಯ್ಯ ಭತ್ತದ ಹೊಟ್ಟಿನ ಬುಟ್ಟಿ ತರಲು ಹೊರಗೆ ಹೋಗಿದ್ದರಿಂದ ಬೆನ್ನು ಬೆಂದು ಬದುಕಿದ್ದಾನೆ. ಪ್ರಭುಸ್ವಾಮಿ ಡ್ರಮ್ಮಿನ ಎದುರಿಗೇ ಇದ್ದ.

ಹೆಣವನ್ನು ಬಾಳೆ ಎಲೆಯಲ್ಲಿ ಸುತ್ತಿ ತಂದಿದ್ದರು. ಅವರ ಮನೆತನದ ಪದ್ಧತಿಯಂತೆ ಕೂರಿಸಿ ಸಮಾಧಿ ಮಾಡಬೇಕು. ಬೆಂದು ಸೆಟೆದ ಮೊಣಕಾಲು ಮಡಿಸಲು ಬರಲಿಲ್ಲ. ಬಲವಂತ ಮಾಡಿದಾಗ ಕೈಗೆ ಬಂದದ್ದನ್ನು ಕಂಡು ಹೊತ್ತವರಲ್ಲೊಬ್ಬ ಬೇಲಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡ. ಹಣೆಗೆ ವಿಭೂತಿ ಹಚ್ಚಲು ಬಗ್ಗಿದ ಮಠದ ಸ್ವಾಮಿಗಳು, ಹಚ್ಚಲು ಹಣೆಯ ಮೇಲೆ ಚರ್ಮವೇ ಇಲ್ಲದ್ದರಿಂದ, ಬಿಳಿ ಬಟ್ಟೆಯ ಮೇಲೆಯೇ ಮೂರು ಬೆರಳೆಳೆದು ಕೈ ಹಿಂದೆಗೆದುಕೊಂಡರು. ಶಿವನಂಜಮ್ಮ ಅಳಲಿಲ್ಲ. ಸೊಸೆಯ ಕಡೆಗೇ ದುರುಗುಟ್ಟಿ ನೋಡುತ್ತಿದ್ದಳು. ವೀರಭದ್ರಸ್ವಾಮಿ ದೊಡ್ಡ ಹಾರ ತಂದಿದ್ದರು. ಮಣ್ಣು ಮುಗಿಯುವವರೆಗೂ ಬಿಸಿಲಲ್ಲೇ ನಿಂತರು. ಊರವರು ಅದನ್ನು ಮೆಚ್ಚಿಕೊಂಡರು.

ಆಶಾರಾಣಿ ಕೆಲಸಕ್ಕೆ ಮರಳುವಷ್ಟರಲ್ಲಿ ಡ್ರಮ್ಮಿನ ತುಂಡುಗಳು ಶೆಡ್ಡಿಗೆ ಬಂದಿದ್ದವು. ವಿಮೆಯವರು ಕಾರಣ ಕಂಡುಹಿಡಿಯಿರಿ ಎಂದು ಕಳಿಸಿದ್ದು. ಗೋಣಿತಾಟಿನ ಮೇಲೆ, ನಮೂನೆಗಳ ಮೇಜಿನ ಪಕ್ಕದಲ್ಲಿ, ಬಾಗಿದ ದಪ್ಪ ಉಕ್ಕಿನ ಒಂದು ಹಾಳೆ ಒರಗಿತ್ತು. ಅದರ ಒಡೆದ ಅಂಚಿನುದ್ದಕ್ಕೂ ಮೀನಿನ ಹುರುಪೆ ಜೋಡಿಸಿದಂಥ ವೆಲ್ಡು. ಆ ಕೈ ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಬೆಂಗಳೂರಿಗೆ ಕಳಿಸಿಬಿಡೋಣ ಅಂತಿದ್ದೆ ಆಶಾರಾಣಿ. ನಿಮ್ಮ ಕೈಲಿ ಮಾಡಿಸೋದು ಸರಿಯಲ್ಲ," ಎಂದರು ಮಹದೇವಪ್ರಸಾದ್. ಹಾಗೆನ್ನುತ್ತಲೇ, "ಆದ್ರೆ ವಿಮೆಯೋರು ಅವಸರ ಮಾಡ್ತಿದ್ದಾರೆ. ಆ ಮಿಷನ್ನು ಬೇರೆ ಯಾರಿಗೂ ಬರಲ್ಲ," ಎಂದೂ ಸೇರಿಸಿದರು.

"ನಾನೇ ಮಾಡ್ತೀನಿ ಸಾರ್."

"ಸಂಬಂಧ ಇದೆ ಅಂತ ಯಾರಾದ್ರೂ ತಕರಾರು ಎತ್ತಿದ್ರೆ?"

"ಸೈನು ನಿಮ್ದಿರ್ತದಲ್ಲ."

ಅವರು ಕನ್ನಡಕ ಒರೆಸಿಕೊಂಡು ವಿಮೆಯವರ ಕಾಗದವನ್ನು ಅವಳ ಕಡೆ ಸರಿಸಿದರು. ಒಪ್ಪಿಗೆ ಎಂದು ಅದರ ಅರ್ಥ.

ಅವಳಿಗೊಂದು ಆಸೆಯಿತ್ತು. ವೀರಭದ್ರಸ್ವಾಮಿ ಎಲ್ಲಿಂದಲೋ ಹಳೆಯ ಬಾಯ್ಲರನ್ನು ಅಗ್ಗಕ್ಕೆ ತಂದು ಕೂರಿಸಿದ್ದರೆಂದು ಗಿರಣಿಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಪ್ಲೇಟೇ ಕೊಳೆತ ಉಕ್ಕಾಗಿರಬೇಕು. ಎಳೆದೊಡನೆ ಟಣ್ ಎಂದು ಮುರಿಯಬೇಕು. ಆಗ ಕೊಂದವರು ಯಾರೆಂದು ಯಂತ್ರವೇ ಹೇಳುತ್ತದೆ. ತನ್ನ ಗಂಡನ ಕೈ ತಪ್ಪಿನಿಂದ ಹೊರಗೆ ಬರುತ್ತದೆ. ಈ ಆಸೆ ಹೊತ್ತು ಅವಳು ಗರಗಸದ ಕೆಳಗೆ ಹಾಳೆಯನ್ನಿಟ್ಟಳು. ವೆಲ್ಡಿಗೆ ದೂರದ ಪ್ಲೇಟಿನಿಂದ ಒಂದಿಷ್ಟು ತುಂಡು, ವೆಲ್ಡಿಗೆ ಅಂಟಿದ ಅಂಚಿನಿಂದ ಒಂದಿಷ್ಟು ತುಂಡು ಬೇರೆ ಮಾಡಿದಳು. ಗರಗಸದ ನೀರಿನ ಜೊತೆ ಒಂದು ವಾಸನೆ ಎದ್ದಿತು. ಸುಟ್ಟ ಹೊಟ್ಟಿನದೋ, ಬೇರೆಯದೋ. ಅವಳು ಮೂಗಿಗೆ ಸೆರಗು ಕಟ್ಟಿಕೊಂಡು ಮುಂದುವರಿಸಿದಳು.

ಮೊದಲು ಪ್ಲೇಟು. ಯಂತ್ರ ಜಗ್ಗಿತು, ಜಗ್ಗಿತು. ಕಚ್ಚಿನ ಬಾಯಿ ನಿಧಾನವಾಗಿ ತೆರೆಯುತ್ತ ಹೋಯಿತೇ ಹೊರತು ತುಂಡು ಬಿಡಲಿಲ್ಲ. ಹಸಿ ಮಣ್ಣನ್ನು ಹಿಗ್ಗಿಸಿದಂತೆ ಹಿಗ್ಗಿತು. ಪರದೆಯ ಮೇಲಿನ ಗೆರೆ ಏರಿ ಏರಿ ಸೊಗಸಾಗಿ ಬಾಗಿತು. ಇನ್ನೊಂದು ತುಂಡು ಹಾಕಿದಳು, ಮತ್ತೊಂದು ಹಾಕಿದಳು, ಅದೇ ಆಯಿತು. ಹಳೆಯದಾದರೂ ಬಂಗಾರದಂಥ ಉಕ್ಕು. ಆಮೇಲೆ ವೆಲ್ಡಿನ ಅಂಚಿನ ತುಂಡು. ಗೆರೆ ಇನ್ನೂ ಏರುವಷ್ಟರಲ್ಲೇ ಟಣ್ ಎಂಬ ಸದ್ದಾಯಿತು, ತುಂಡು ಎರಡು ಹೋಳಾಗಿ ದವಡೆಯಲ್ಲಿ ನೇತಾಡಿತು.

ಹೋಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು. ಒಡೆದ ಮುಖ ಸಕ್ಕರೆಯಂತೆ ಮಿನುಗುತ್ತಿತ್ತು. ಅಂದು ಡ್ರಮ್ಮು ಸಿಡಿದು ಒಡೆದುಕೊಂಡ ಜಾಗದಲ್ಲಿ, ವೆಲ್ಡಿನ ಬುಡದಿಂದ ಹೊರಟ ಬಿರುಕಿನ ಗುರುತುಗಳು ಕೆರೆಯ ನೀರು ಇಳಿಯುತ್ತ ಬಿಟ್ಟ ಗೆರೆಗಳಂತೆ ಒಂದರ ಹಿಂದೊಂದು ಇದ್ದವು. ಪ್ರತಿ ಸಲ ಬಾಯ್ಲರ್ ಕಾದು ತಣಿದಾಗ ಒಂದು ಗೆರೆ. ಗಾಜಾದ ಅಂಚನ್ನು ಹಿಡಿದು ಬಿರುಕು ತನ್ನ ದಾರಿಯಲ್ಲಿ ನಡೆದಿತ್ತು, ಗೋಡೆಯ ಆಚೆ ಮುಖ ಮುಟ್ಟುವ ಮುಂಚೆಯೇ ಓಡಿಬಿಟ್ಟಿತ್ತು. ಆಶಾರಾಣಿ ಲೆಕ್ಕ ಹಾಕಿದಳು, ಮತ್ತೆ ಹಾಕಿದಳು. ಬಂದ ಉತ್ತರ ಒಂದೇ. ಆ ಬಿರುಕನ್ನು ಹಾಗೆಯೇ ಬಿಟ್ಟಿದ್ದರೆ, ಆ ಒಳ್ಳೆಯ ಪ್ಲೇಟಿನಲ್ಲಿ ಅದು ಮೆಲ್ಲಗೆ ತೂರಿ ಹೊರಬಂದು ಹಬೆ ಸೋರುತ್ತಿತ್ತು. ಸೀಟಿ ಹೊಡೆದಂತೆ ಸದ್ದಾಗುತ್ತಿತ್ತು. ಎಲ್ಲರೂ ಓಡುತ್ತಿದ್ದರು. ಆ ಸದ್ದನ್ನು ಮುಚ್ಚಿದ್ದು ಪ್ರಭುಸ್ವಾಮಿಯ ವೆಲ್ಡು.

ಎರಡು ಬಗೆಯ ತುಂಡುಗಳೂ ನೋಡಲು ಒಂದೇ ಥರ ಇದ್ದವು. ಮೇಲೆ ಬರೆದ ಗುರುತು ಅದಲು ಬದಲು ಮಾಡಿದರೆ ಸಾಕು, ಪ್ಲೇಟೇ ಕೆಟ್ಟದ್ದಾಗುತ್ತಿತ್ತು. ಮಹದೇವಪ್ರಸಾದ್ ನೋಡದೆಯೇ ಸಹಿ ಹಾಕುವವರು. ಅವಳು ಅಳಿಸದ ಬಣ್ಣದ ಪೆನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ಬದಲಿಸಲಿಲ್ಲ. ಸತ್ಯದ ಮೇಲಿನ ಪ್ರೀತಿಯಿಂದೇನೂ ಅಲ್ಲ. ಯಂತ್ರದ ಮುಂದೆ ತಾನು ಹೇಳಿದ್ದೇ ನಿಜವಾಗಿತ್ತು. ಗಾಜಾಯ್ತದೆ ಅಂದಿದ್ದಳು, ಗಾಜಾಗಿತ್ತು. ಗಂಡ ಸತ್ತ ಮೇಲೂ ಆ ಜಗಳದಲ್ಲಿ ಗೆದ್ದೆನೆಂಬ ಒಂದು ಎಳೆ ಅವಳೊಳಗೆ ತಲೆಯೆತ್ತಿತು. ಅದು ತಲೆಯೆತ್ತಿದ್ದು ಅವಳಿಗೇ ಕಾಣಿಸಿತು. ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು.

ವರದಿಯಲ್ಲಿ ಎಲ್ಲವನ್ನೂ ಬರೆದಳು. ಪ್ಲೇಟು ಕಾಯಿಸದೆ, ಹಸಿ ರಾಡಿನಿಂದ ವೆಲ್ಡ್ ಮಾಡಿದ್ದು ಕಾರಣ. ತಪಾಸಣೆ ಇಲ್ಲದೆ ಬಾಯ್ಲರನ್ನು ಮತ್ತೆ ಹಚ್ಚಿದ್ದು ಆಡಳಿತದವರ ನಿರ್ಧಾರ. ಎರಡನೆಯ ಮಾತು ಯಾರಿಗೂ ಬೇಕಾಗಲಿಲ್ಲ. ವೀರಭದ್ರಸ್ವಾಮಿಯ ವಕೀಲರು ಮೊದಲನೆಯದನ್ನಷ್ಟೇ ಹಿಡಿದುಕೊಂಡು, ವೆಲ್ಡರು ಯಾರನ್ನೂ ಕೇಳದೆ ತಾನೇ ಹಾಕಿದ್ದು, ಒಡೆಯರಿಗೆ ಗೊತ್ತೇ ಇರಲಿಲ್ಲ ಎಂದರು. ಸತ್ತವನು ಅಲ್ಲ ಅನ್ನಲು ಎದ್ದು ಬರಲಿಲ್ಲ. ಗಿರಣಿಯವರು ಕೊಡುತ್ತೇವೆಂದಿದ್ದ ಪರಿಹಾರ ಅಲ್ಲಿಗೇ ನಿಂತಿತು.

ಸುದ್ದಿ ಸಾಲಿಗ್ರಾಮ ಮುಟ್ಟಲು ತಡವಾಗಲಿಲ್ಲ. ಅವತ್ತು ಆಶಾರಾಣಿ ಬಸ್ಸಿಳಿದು ಮನೆಗೆ ಬಂದಾಗ ಅವಳ ಸೀರೆ, ಪುಸ್ತಕ, ಮದುವೆಯ ಟ್ರಂಕು ಎಲ್ಲ ಜಗಲಿಯ ಮೇಲಿದ್ದವು. ನೆಂಟರಿಷ್ಟರು ಕೂತಿದ್ದರು. ಶಿವನಂಜಮ್ಮ ಅವರ ನಡುವೆ ಕಂಬಕ್ಕೊರಗಿ ಕೂತಿದ್ದಳು.

"ನನ್ ಮಗುನ್ನ ಬಾಯ್ಲರು ಒಂದ್ಸಲ ಕೊಂತು. ನೀನು ಕುಯ್ದು ಕುಯ್ದು ನೋಡುದ್ಯಲ್ಲೇ."

"ಅತ್ತೆ, ನಾನು ಬರ್ದಿದ್ದು..."

"ಬರ್ದಿದ್ದು ನಿಜಾನೋ ಸುಳ್ಳೋ?"

"ನಿಜ."

"ನಿಜ ಅಂತೆ!" ಶಿವನಂಜಮ್ಮ ಸುತ್ತ ಕೂತವರ ಕಡೆ ತಿರುಗಿದಳು. "ಕೇಳುಸ್ಕೊಂಡ್ರಾ? ಇದ್ದಾಗ್ಲೂ ಅವನ ಕೆಲಸ ಸರಿಯಿಲ್ಲ ಅಂದ್ಲು. ಮಣ್ಣಿಗೆ ಹೋದ್ಮೇಲೂ ಸರಿಯಿಲ್ಲ ಅಂತಾವ್ಳೆ. ಎದ್ದೋಗು. ನಿನ್ ಮುಖ ಕಂಡ್ರೆ ಅವ್ನು ತಟ್ಟೇಲಿ ಕೈ ತೊಳ್ದು ಎದ್ದಿದ್ದು ಕಣ್ಣಿಗೆ ಕಟ್ತದೆ."

ಯಾರೂ ತಡೆಯಲಿಲ್ಲ. ಅವಳು ಟ್ರಂಕನ್ನು ಅಲ್ಲೇ ಬಿಟ್ಟು ಒಂದು ಚೀಲ ಹಿಡಿದು ಹೊರಟಳು. ಕಂಪಲಾಪುರದಲ್ಲಿ ಅಪ್ಪ ಏನೂ ಕೇಳದೆ ಚಾಪೆ ಹಾಸಿಕೊಟ್ಟರು. ಮಾರನೆಯ ವಾರ ಅಣ್ಣನ ಹೆಂಡತಿ, "ಇಲ್ಲೇ ಇದ್ಬುಡ್ತೀರಾ?" ಎಂದು ನಗುನಗುತ್ತಲೇ ಕೇಳಿದಳು. ಆಶಾರಾಣಿ ಹುಣಸೂರಿನಲ್ಲಿ ಒಂದು ಕೋಣೆ ಹಿಡಿದಳು.

ಒಡೆಯರಿಗೆ ಫೋನಿನಲ್ಲಿ ಹೇಳಿದ್ದ ಮಾತಿಗೆ ಸಾಕ್ಷಿಯಿರಲಿಲ್ಲ. ಅವಳಿಗೆ ಉಳಿದಿದ್ದ ದಾರಿ ಮಂಟಯ್ಯ. ಒಡೆಯರೇ ಎದುರು ನಿಂತು ವೆಲ್ಡ್ ಹಾಕಿಸಿದ್ದನ್ನು ಕಣ್ಣಾರೆ ಕಂಡವನು ಅವನೊಬ್ಬನೇ. ಎಚ್.ಡಿ. ಕೋಟೆಯ ಆಚೆಯ ಹಳ್ಳಿಗೆ, ಅವನ ಮನೆಗೆ ಒಂದು ಭಾನುವಾರ ಹೋದಳು. ಅವನು ಬೋರಲಾಗಿ ಮಲಗಿದ್ದ. ಬೆನ್ನಿನ ತುಂಬ ಹೊಸ ಚರ್ಮ ಹುಟ್ಟಿ ನೀರು ಒಣಗಿದ ಕೆರೆಯಂಗಳದಂತೆ ಸುಕ್ಕುಗಟ್ಟಿತ್ತು. ಅವಳ ದನಿ ಕೇಳಿ ಏಳಲು ಹೋಗಿ ನರಳಿದ.

"ಮಲಿಕ್ಕೋ ಮಂಟಣ್ಣ. ಸಾವ್ಕಾರ್ರೇ ಆ ವೆಲ್ಡು ಹಾಕ್ಸಿದ್ದು ಅಂತ ಒಂದು ಮಾತು ನೀನು ಹೇಳಿದ್ರೆ ಸಾಕು."

"ನಿಜ ಕಣವ್ವ, ಅವ್ರೇ ಹಾಕ್ಸಿದ್ದು. ಆದ್ರೆ ನಾನೆಂಗೆ ಹೇಳ್ಲಿ? ಆಸ್ಪತ್ರೆ ಖರ್ಚೆಲ್ಲ ಅವರ್ದೇಯ. ನಮ್ಮ ಅಳಿಯುನ್ಗೂ ಗಿರಣೀಲಿ ಕೆಲ್ಸ ಕೊಡ್ತೀನಿ ಅಂದವ್ರೆ." ದಿಂಬಿನೊಳಗೆ ಮುಖ ಹುದುಗಿಸಿ ಅವನು ಅತ್ತ. ಅತ್ತು ಮುಗಿಸಿ, ಅವಳಿಗೆ ಸಮಾಧಾನ ಹೇಳಬೇಕೆಂದೋ ಏನೋ, ಮಾತು ಮುಂದುವರಿಸಿದ: "ಪಾಪ, ಪ್ರಭಣ್ಣಂದು ಆ ಕಡೆ ಕೆಲ್ಸಾನೇ ಅಲ್ಲ. ಅವ್ರ ವರ್ಕ್‌ಶಾಪು ಎಲ್ಲೋ, ಬಾಯ್ಲರು ಎಲ್ಲೋ. ನೀವು ಫೋನು ಮಾಡಿದ್ರಂತಲ್ಲ, ಆವತ್ತು ಸಾವ್ಕಾರ್ರು ಕರ್ದು ಹೇಳುದ್ರು. ನೀನು ಹಾಕಿದ್ ವೆಲ್ಡಿನ ಮ್ಯಾಲೆ ನಿನ್ ಹೆಂಡ್ತಿಗೇ ನಂಬ್ಕೆ ಇಲ್ಲ, ನಾಳೆಯಿಂದ ಅದರ ಮುಂದೇನೇ ನಿಂತ್ಕೊ, ಒಡುದ್ರೆ ನಿನ್ಗೇ ಮೊದ್ಲು ಗೊತ್ತಾಗ್ಲಿ ಅಂದ್ರು. ಎಲ್ರೂ ನಕ್ಬುಟ್ರು. ಅವತ್ತಿಂದ ಅಣ್ಣ ಮುಂಚೆ ಬಂದು ಅಲ್ಲೇ ನಿಂತಿರೋರು. ಬ್ಯಾಡ ಬಾ ಅಣ್ಣ, ಆ ಕಡೆ ಕೂತ್ಕೊ ಅಂದ್ರೆ ಕೇಳ್ತಿರಲಿಲ್ಲ. ನಿಂತ್ಕಂಡು ತೋರುಸ್ತೀನಿ ಅನ್ನೋರು."

ಆಶಾರಾಣಿ ಎದ್ದು ನಿಂತಳು. ಮಂಟಯ್ಯನ ಹೆಂಡತಿ ಕಾಫಿ ತಂದಿದ್ದಳು. ಅದನ್ನು ಕುಡಿದಳೋ ಇಲ್ಲವೋ ಅವಳಿಗೆ ಆಮೇಲೆ ನೆನಪಾಗಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು, "ಯಾಕವ್ವ, ಊರು ಬಂತು, ಇಳ್ಯಲ್ವ?" ಎಂದು ಭುಜ ಅಲುಗಿಸಿದಾಗಲೇ ಅವಳಿಗೆ ಹುಣಸೂರು ಕಂಡದ್ದು.

ಅವಳು ಕೆಲಸ ಬಿಡಲಿಲ್ಲ. ಬಿಟ್ಟು ಹೋಗಲು ಬೇರೆ ಜಾಗವಿರಲಿಲ್ಲ. ಮಳೆಗಾಲ ಮುಗಿದ ಮೇಲೆ ಒಂದು ದಿನ ಮಹದೇವಪ್ರಸಾದ್ ಅವಳನ್ನು ಕರೆದು, ಕುರ್ಚಿ ತೋರಿಸಿ, ಮೇಜಿನ ಮೇಲಿದ್ದ ಪೇಪರ್‌ವೆಯ್ಟು ತಿರುಗಿಸುತ್ತ ಹೇಳಿದರು: "ವೀರಭದ್ರಸ್ವಾಮಿಯವರು ಹೊಸ ಬಾಯ್ಲರ್ ಕಟ್ಟಿಸ್ತಿದ್ದಾರೆ. ಪ್ಲೇಟು, ವೆಲ್ಡು ಎಲ್ಲ ಮೊದಲೇ ಪರೀಕ್ಷೆ ಮಾಡಿಸ್ಬೇಕಂತೆ. ನಮ್ಮಲ್ಲೇ." ಆಮೇಲೆ ಸೇರಿಸಿದರು: "ನಿಮ್ಮ ಕೈಲೇ ಆಗ್ಬೇಕು ಅಂತ ಹೇಳಿ ಕಳಿಸಿದ್ದಾರೆ. ಗಂಡನ್ನೇ ಬಿಡದ ಹೆಣ್ಮಗಳು, ಸುಳ್ಳು ಹೇಳಲ್ಲ ಅಂದ್ರು. ಮೆಚ್ಚಿಕೊಂಡೇ ಅಂದದ್ದು."

ಆಶಾರಾಣಿ ಅವರ ಮುಖವನ್ನೇ ನೋಡಿದಳು. ಅವರು ಪೇಪರ್‌ವೆಯ್ಟು ನೋಡುತ್ತಿದ್ದರು.

"ಆಗ್ಲಿ ಸಾರ್," ಎಂದಳು.

ತುಂಡುಗಳು ಬಂದವು. ಹೊಸ ಉಕ್ಕು, ನೀಲಿ ಹೊಳಪು ಇನ್ನೂ ಮಾಸಿರಲಿಲ್ಲ. ಕತ್ತರಿಸುವಾಗ, ಕಚ್ಚು ಕೊರೆಯುವಾಗ, ದವಡೆಗೆ ಸಿಕ್ಕಿಸುವಾಗ ಅವಳ ಮನಸ್ಸಿನಲ್ಲಿ ಒಂದೇ ಮಾತಿತ್ತು: ಒಡಿ. ಒಂದೇ ಒಂದು ತುಂಡು ಗಾಜಿನಂತೆ ಒಡೆದರೂ ಆ ಬಾಯ್ಲರ್ ಮೇಲೇಳುವುದಿಲ್ಲ, ಆ ಗಿರಣಿ ಸುಗ್ಗಿಗೆ ಹೊಗೆಯಾಡುವುದಿಲ್ಲ. ಯಂತ್ರ ಜಗ್ಗತೊಡಗಿತು. ಗೆರೆ ಏರಿತು. ಅವಳು ಪರದೆಗೆ ಮುಖ ಹತ್ತಿರ ಹಿಡಿದು, ಹಲ್ಲು ಕಚ್ಚಿಕೊಂಡು ನೋಡಿದಳು. ಕಚ್ಚಿನ ಬಾಯಿ ತೆರೆಯಿತು, ಉಕ್ಕು ಹಿಗ್ಗಿತು, ಬಿಡಲಿಲ್ಲ. ವೆಲ್ಡಿನ ತುಂಡು ಹಾಕಿದಳು. ಅದೂ ಬಿಡಲಿಲ್ಲ. ಯಾರೋ ಪ್ಲೇಟು ಕಾಯಿಸಿ, ರಾಡು ಒಣಗಿಸಿ, ಪುರುಸೊತ್ತಾಗಿ ಕೂತು ಹಾಕಿದ್ದ ವೆಲ್ಡು ಅದು. ಹಸಿ ರಾಡಿನಲ್ಲಿ ಹಾಕಿಸಿದರೆ ಏನಾಗುತ್ತದೆ ಎಂದು ವೀರಭದ್ರಸ್ವಾಮಿಗೆ ಈಗ ಗೊತ್ತಿತ್ತು. ಅವಳ ವರದಿಯನ್ನೇ ಓದಿ ತಿಳಿದುಕೊಂಡದ್ದು.

ಎಲ್ಲ ತುಂಡುಗಳನ್ನೂ ಮುಗಿಸಿ ಅವಳು ಕೈ ತೊಳೆದುಕೊಂಡಳು. ಆಮೇಲೆ ಮೇಜಿಗೆ ಬಂದು ಕೂತು, ಈ ಉಕ್ಕು ಬಾಯ್ಲರಿಗೆ ಯೋಗ್ಯವಾಗಿದೆ ಎಂದು ಬರೆದಳು.